ಪೊರಕೆ ಜೋಳದ ಪೊಟ್ಟಣದ ಬೆನ್ನ ಮೇಲೆ ಬರೆದವರಿಗೆ

ಬಣ್ಣದ ತೆನೆಯ ಪೊರಕೆ ಜೋಳದ ಬೀಜವನ್ನು ಪೊಟ್ಟಣ ಕಟ್ಟಿ ಮಾರುವ ಸಂಸ್ಥೆಯಲ್ಲಿ, ಆ ಪೊಟ್ಟಣದ ಹಿಂಬದಿಗೆ ಸೂಚನೆಗಳನ್ನು ಬರೆದುಕೊಡುವ ಮಹನೀಯರ ಸಮ್ಮುಖಕ್ಕೆ,

ಮಾನ್ಯರೇ,

ತಾವು ಕ್ಷೇಮ, ತಮ್ಮ ಮನೆಯವರೂ ಕ್ಷೇಮ, ತಮ್ಮ ಲೇಖನಿಯಂತೂ ಪರಮ ಕ್ಷೇಮವೆಂದು ನಂಬಿದ್ದೇನೆ. ತಮ್ಮ ಮೇಜಿನ ಮೇಲೆ ಕುಂಡದಲ್ಲಿ ಒಂದು ಗಿಡ ಇರಬಹುದು. ಅದರ ಕ್ಷೇಮವನ್ನು ಮಾತ್ರ ನಾನು ವಿಚಾರಿಸುವುದಿಲ್ಲ, ಏಕೆಂದರೆ ಅದನ್ನು ತಾವು ತಮ್ಮದೇ ಸೂಚನೆಗಳ ಪ್ರಕಾರ ಬೆಳೆಸುತ್ತಿದ್ದರೆ ಆ ಪ್ರಶ್ನೆ ಕೇಳಿ ತಮ್ಮ ಮನಸ್ಸನ್ನು ನೋಯಿಸಿದಂತಾದೀತು.

ಈ ಕತೆಯನ್ನು ಮೊದಲು ಹೇಳಿದವನು ನಾನಲ್ಲ. ಹೇಳಿದವರು ನಮ್ಮ ಪಕ್ಕದ ಮನೆಯ ಗಡಿಯಾರ ರಿಪೇರಿಯವರು. ಹೇಳಿದ್ದು ನಮ್ಮೂರಿನ ನಾಟಕಶಾಲೆ ಮತ್ತೆ ಬಾಗಿಲು ತೆರೆದ ಮಾರನೆಯ ದಿನ, ಕ್ಷೌರದಂಗಡಿಯಲ್ಲಿ, ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಸಿಕೊಂಡು. ಅಲ್ಲಿಂದ ಹೊರಟ ಕತೆ ಬೆಂಚಿನಿಂದ ಬೆಂಚಿಗೆ ಕೂತು ಎದ್ದು ಸುಧಾರಿಸಿಕೊಳ್ಳುತ್ತ, ಮಧ್ಯಾಹ್ನದ ಹೊತ್ತಿಗೆ ಬೀದಿಯ ಆ ತುದಿಯಲ್ಲಿ ನನ್ನ ಮಾವನವರು ನಾಟಕಶಾಲೆಗೆ ನುಗ್ಗಿ ಗಲಾಟೆ ಮಾಡಿದರೆಂದೂ, ಈ ತುದಿಯಲ್ಲಿ ನನ್ನ ಹೆಂಡತಿ ಹೆತ್ತ ಅಪ್ಪನನ್ನೇ ಮನೆಯಿಂದ ಹೊರಗೆ ಹಾಕಿದಳೆಂದೂ ಆಗಿಹೋಗಿತ್ತು. ಎರಡೂ ಸುಳ್ಳು. ನಡೆದದ್ದನ್ನು ನಡೆದ ಹಾಗೆ ಹೇಳುವುದು ಅದೇ ಮನೆಯಲ್ಲಿ ಉಂಡು ಮಲಗುವ ಮನೆಯಳಿಯನಾದ ನನ್ನ ಕರ್ತವ್ಯವೆಂದೂ, ಅದನ್ನು ತಿಳಿಯುವ ಮೊದಲ ಹಕ್ಕು ಎಲ್ಲದಕ್ಕೂ ಮೂಲಪುರುಷರಾದ ತಮ್ಮದೆಂದೂ ಭಾವಿಸಿ, ಈ ಬಹಿರಂಗ ಪತ್ರವನ್ನು ತಮ್ಮ ಪಾದದ ಬಳಿ ಇಡುತ್ತಿದ್ದೇನೆ.

ಮೊದಲು ನಮ್ಮ ಮನೆಯ ಪರಿಚಯವಾಗಲಿ. ಬೀದಿಗೆ ಮುಖ ಮಾಡಿದ ಒಂದು ಉದ್ದನೆಯ ಕೋಣೆ, ಅದರ ಹಿಂದೆ ಅಡುಗೆಮನೆ, ಮೇಲೆ ಹೋಗಲು ಕಡಿದಾದ ಮರದ ಮೆಟ್ಟಿಲು, ಹಿಂದೆ ಒಂದು ಹಿತ್ತಲು. ಉದ್ದನೆಯ ಕೋಣೆ ಮಾವನವರ ಪೊರಕೆ ಕಟ್ಟುವ ಕೋಣೆ. ಅವರ ಅಪ್ಪನೂ ಅಲ್ಲೇ ಕೂತು ಪೊರಕೆ ಕಟ್ಟಿದವರು. ತಾವು ಬೀಜ ಮಾತ್ರ ನೋಡಿದವರಾದ್ದರಿಂದ ಹೇಳುತ್ತೇನೆ: ಪೊರಕೆ ಜೋಳ ಅಂದರೆ ತಿನ್ನುವ ಜೋಳದ ದಾಯಾದಿ, ಇದರ ತೆನೆಯಲ್ಲಿ ಕಾಳಿಗಿಂತ ಕಡ್ಡಿಯದ್ದೇ ದರ್ಬಾರು, ಆ ಉದ್ದನೆಯ ಕಡ್ಡಿಗಳನ್ನು ಒಟ್ಟುಗೂಡಿಸಿ ಕಟ್ಟಿದರೆ ಪೊರಕೆ. ಎಲ್ಲಿಂದಲೋ ಲಾರಿಯಲ್ಲಿ ಒಣಗಿದ ಕಟ್ಟುಗಳು ಬಂದು ಬೀಳುತ್ತವೆ. ಬಂದ ಕೂಡಲೇ ಮಾವನವರು ಬೆಂಚಿಗೆ ಮೊಳೆ ಹೊಡೆದು ಕೂರಿಸಿದ ಕಬ್ಬಿಣದ ದೊಡ್ಡ ಬಾಚಣಿಗೆಯಲ್ಲಿ ಒಂದೊಂದೇ ತೆನೆಯನ್ನು ಎಳೆದು ಕಾಳನ್ನೆಲ್ಲ ಉದುರಿಸುತ್ತಾರೆ. ಅದಾದ ಮೇಲೆಯೇ ಉಳಿದ ಕೆಲಸ. "ಕಾಳು ಉಳಿದ ಪೊರಕೆ ಮನೆ ಗುಡಿಸೋದಿಲ್ಲ, ಮನೆಗೆ ಇಲಿ ಕರೆಯುತ್ತೆ" ಎನ್ನುವುದು ಅವರ ಮಾತು. ಅವರ ಕೈಯಿಂದ ದಾಟಿಹೋದ ಪೊರಕೆಯಲ್ಲಿ ಒಂದು ಕಾಳನ್ನು ಹುಡುಕಿ ತೆಗೆದವರು ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲ.

ಅವರ ಒಬ್ಬಳೇ ಮಗಳು ನನ್ನ ಹೆಂಡತಿ. ಕಟ್ಟುವ ಕೆಲಸವನ್ನು ಅಪ್ಪನಿಂದಲೇ ಕಲಿತಳು, ಆದರೆ ಅವಳ ಕೈ ಬೇರೆ ದಾರಿ ಹಿಡಿಯಿತು. ಉಳಿದ ಕಡ್ಡಿಯಲ್ಲಿ ಬಾಗಿಲಿಗೆ ತೋರಣದ ಹಾಗೆ ತೂಗುಹಾಕುವ ದೊಡ್ಡ ಬಳೆ, ಗೋಡೆಗೆ ಒರಗಿಸುವ ಗೊಂಚಲು, ಹೂದಾನಿಯ ಸುತ್ತ ನಿಲ್ಲಿಸುವ ಬೀಸಣಿಗೆ ಹೀಗೆ ಏನೇನೋ ಕಟ್ಟುತ್ತಾಳೆ. ಕಟ್ಟುವುದಕ್ಕೆ ಜಾಗ ಮಾತ್ರ ಮೆಟ್ಟಿಲು. ಮೂರನೆಯ ಮೆಟ್ಟಿಲಿನ ಮೇಲೆ ಅವಳು, ಎರಡನೆಯದರ ಮೇಲೆ ಕತ್ತರಿ, ಐದನೆಯದರ ಮೇಲೆ ಅರ್ಧ ಕಟ್ಟಿದ ಬಳೆ. ನಾವು ಹತ್ತಿ ಇಳಿಯುವವರು ಗೋಡೆಗೆ ಬೆನ್ನು ಹಚ್ಚಿ ಹಲ್ಲಿಯ ಹಾಗೆ ಸರಿಯಬೇಕು. ಆದ್ದರಿಂದ, ಎಷ್ಟೋ ವರ್ಷ ಮುಚ್ಚಿದ್ದ ನಾಟಕಶಾಲೆಯ ಹೊಸ ವ್ಯವಸ್ಥಾಪಕಿ ಒಂದು ದಿನ ಪೊರಕೆ ಕೊಳ್ಳಲು ಬಂದವರು ಮೆಟ್ಟಿಲ ಮೇಲಿನ ಸಂಸಾರ ನೋಡಿ, "ಟಿಕೆಟ್ ಕಿಟಕಿ ಪಕ್ಕ ಒಂದು ಕೋಣೆ ಖಾಲಿ ಇದೆಯಮ್ಮಾ. ವರ್ಷವಿಡೀ ಬಾಗಿಲು ಕಂಬ ಸಿಂಗರಿಸಿಕೊಡೋರಿಗೆ ಕೊಡೋಣ ಅಂತಿದ್ದೀನಿ. ಬಾಗಿಲು ತೆರೆಯೋ ದಿನ ನಿನ್ನ ಕೆಲಸ ನೋಡ್ತೀನಿ, ಬಣ್ಣ ಇರಲಿ, ದೂರದಿಂದ ಎದ್ದು ಕಾಣಲಿ. ಒಪ್ಪಿಗೆಯಾದರೆ ಬೀಗದ ಕೈ ನಿನ್ನದು" ಎಂದಾಗ, ನನ್ನ ಹೆಂಡತಿ ಆ ರಾತ್ರಿ ಊಟಕ್ಕೆ ಉಪ್ಪು ಹಾಕುವುದನ್ನೇ ಮರೆತಳು. ಒಂದು ನಲ್ಲಿ, ಒಂದು ಕಪಾಟು, ಒಳಗಿನಿಂದ ಹಾಕಿಕೊಳ್ಳಬಹುದಾದ ಒಂದು ಚಿಲಕ ಇರುವ ಕೋಣೆ. ಯಾರೂ ದಾಟಿಕೊಂಡು ಹೋಗದ ಜಾಗ. ಮಾನ್ಯರೇ, ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಬಣ್ಣ ಎಲ್ಲಿಂದ ತರುವುದೆಂದು ಹುಡುಕುತ್ತಿದ್ದಾಗ ತಮ್ಮ ಪೊಟ್ಟಣ ಕಣ್ಣಿಗೆ ಬಿತ್ತು. ಮುಂಬದಿಯ ಚಿತ್ರದಲ್ಲಿ ಕಾಳು ತುಂಬಿದ ತೆನೆಗಳು: ಒಂದು ದ್ರಾಕ್ಷಿಯ ಕೆಂಪು, ಒಂದು ತಾಮ್ರ, ಒಂದು ಚಿನ್ನ, ಒಂದು ಕಾಡಿಗೆಯಷ್ಟು ಕಪ್ಪು. ಬಣ್ಣವೆಲ್ಲ ಕಾಳಿನದ್ದೇ. ಹಿಂಬದಿಯಲ್ಲಿ ತಮ್ಮ ಅಮರಕೃತಿ: "ಬಿಸಿಲಿರುವಲ್ಲಿ ಬಿತ್ತಿ. ನೀರು ಹಾಕಿ. ಕಳೆ ತೆಗೆಯಿರಿ. ಸಾಧಾರಣ ಎತ್ತರ. ಪಕ್ಷಿಪ್ರಿಯರಿಗೆ ಅಚ್ಚುಮೆಚ್ಚು. ಬಣ್ಣ ಬಂದಾಗ ಕೊಯ್ದು ಒಣಗಿಸಿ. ಆನಂದಿಸಿ." ನಾನು ಹಳ್ಳಿಯಲ್ಲಿ ಅಜ್ಜಿಯ ಪಕ್ಕ ಮಲಗಿ ಕತೆ ಕೇಳಿ ಬೆಳೆದವನು, ಏಳು ಸಮುದ್ರ ದಾಟುವ ರಾಜಕುಮಾರನ ಕತೆಯಲ್ಲಿ ಕೂಡ ಅವಳು ಇಷ್ಟು ಸಲೀಸಾಗಿ ಯಾರನ್ನೂ ದಡ ಸೇರಿಸಿದ್ದಿಲ್ಲ. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಜನರ ಬದುಕನ್ನು ತಲೆಕೆಳಗು ಮಾಡಬಲ್ಲ ಶಕ್ತಿ ತಮ್ಮ ಲೇಖನಿಗಿದೆ ಎಂಬುದು ಅಂದು ನಮಗೆ ಗೊತ್ತಿರಲಿಲ್ಲ.

"ಬಿಸಿಲಿರುವಲ್ಲಿ ಬಿತ್ತಿ" ಎಂದಿರಿ. ಹಿತ್ತಲಿನಲ್ಲಿ ಬಿಸಿಲಿತ್ತು, ಬಿತ್ತಿದೆವು. ಮೇಲೆ ಬಿಸಿಲಿದ್ದರೂ ಕೆಳಗೆ ಮಣ್ಣು ಇನ್ನೂ ಐಸಿನ ಹಾಗೆ ತಣ್ಣಗಿದ್ದರೆ ಈ ಬೀಜ ಮೊಳೆಯುವುದಿಲ್ಲ, ಮಣ್ಣಿನಲ್ಲೇ ಕೊಳೆಯುತ್ತದೆ ಎಂಬ ಅಲ್ಪ ವಿಷಯವನ್ನು ತಾವು ಬಿಟ್ಟಿದ್ದು ಕಾಗದ ಉಳಿಸುವುದಕ್ಕೆ ಎಂದು ನನಗೆ ಈಗ ಅರ್ಥವಾಗಿದೆ. ನನ್ನ ಹೆಂಡತಿ ಯಾವುದನ್ನೂ ಪೂರ್ತಿ ನಂಬುವವಳಲ್ಲವಾದ್ದರಿಂದ (ನನ್ನನ್ನು ಮದುವೆಯಾದ ಮೇಲೆ ಬಂದ ಅಭ್ಯಾಸವಂತೆ) ಅರ್ಧ ಬೀಜವನ್ನು ಡಬ್ಬಿಯಲ್ಲಿ ಎತ್ತಿಟ್ಟಿದ್ದಳು. ದಿನಾ ಬೆಳಿಗ್ಗೆ ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಮಣ್ಣು ಮುಟ್ಟಿ ನೋಡಿ, ಅದು ಬೆಚ್ಚಗಾಯಿತೆಂದು ಖಾತ್ರಿಯಾದ ಮೇಲೆ ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಎರಡನೆಯ ಬಾರಿ ಬಿತ್ತಿದಳು. ಈ ಸಲ ಸಾಲು ಸಾಲಾಗಿ ಹಸಿರು ತಲೆ ಎತ್ತಿತು.

ಆಗ ತಮ್ಮ ಮೂರನೆಯ ಅಪ್ಪಣೆ: "ಕಳೆ ತೆಗೆಯಿರಿ." ಆಹಾ! ತೆಗೆಯುತ್ತಿದ್ದೆವು ಸ್ವಾಮೀ, ಯಾವುದು ಕಳೆ ಎಂದು ಗೊತ್ತಿದ್ದರೆ. ಎಳೆಯ ಪೊರಕೆ ಜೋಳಕ್ಕೂ ಎಳೆಯ ಹುಲ್ಲಿಗೂ ಇರುವ ವ್ಯತ್ಯಾಸ ತಮಗೂ ಆ ಹುಲ್ಲಿಗೂ ಮಾತ್ರ ಗೊತ್ತು. ಮೂವರೂ ಸಾಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಪರೀಕ್ಷೆ ನಡೆಸಿದೆವು. ಒಣಗಿದ ಕಡ್ಡಿಯನ್ನು ಕಣ್ಣು ಮುಚ್ಚಿ ಮುಟ್ಟಿ ಜಾತಿ ಹೇಳುವ ಮಾವನವರು ಜೀವಂತ ಗಿಡವನ್ನು ಜನ್ಮದಲ್ಲಿ ನೋಡಿದವರಲ್ಲ, ಅವರು ಬಹಳ ಹೊತ್ತು ದಿಟ್ಟಿಸಿ, "ಅಳಿಯಂದಿರೇ, ಎರಡೂ ಒಂದೇ ತಾಯಿ ಮಕ್ಕಳ ಹಾಗಿವೆ. ಬೆಳೀಲಿ ಬಿಡಿ, ದೊಡ್ಡೋರಾದ ಮೇಲೆ ಗುಣ ತಾನೇ ಗೊತ್ತಾಗುತ್ತೆ" ಎಂದು ಎದ್ದು ಹೋದರು. ಹಾಗೆಯೇ ಬಿಟ್ಟೆವು. ಮುಂದಿನ ಮುದ್ರಣದಲ್ಲಿ ತಾವು ಎಳೆಯ ಸಸಿಯ ಒಂದು ಭಾವಚಿತ್ರ ಹಾಕಿಸಬೇಕೆಂದು ಕೋರುತ್ತೇನೆ. ಅದು ಸಾಧ್ಯವಾಗದಿದ್ದರೆ ಮೊಳಕೆಯೊಡೆದ ಕೂಡಲೇ ಕೈ ಎತ್ತಿ ತನ್ನ ಹೆಸರು ಹೇಳುವಂತೆ ಪ್ರತಿ ಬೀಜಕ್ಕೂ ತಾಕೀತು ಮಾಡಿ ಕಳಿಸಬೇಕು.

"ಸಾಧಾರಣ ಎತ್ತರ" ಎಂಬ ಮಾತಿನ ಬಗ್ಗೆ ನನ್ನದೇನೂ ತಕರಾರಿಲ್ಲ. ತಾವು ಬಹುಶಃ ಬಹಳ ಎತ್ತರದ ಮನುಷ್ಯರು. ಗಿಡ ನನ್ನ ಸೊಂಟಕ್ಕೆ ಬಂತು, ಸಂತೋಷಪಟ್ಟೆವು. ತಲೆಗೆ ಬಂತು, ಹೆಮ್ಮೆಪಟ್ಟೆವು. ಅಡುಗೆಮನೆಯ ಸೂರನ್ನು ದಾಟಿ ಮೇಲೆ ಹೋದಾಗ ಏಣಿ ಹುಡುಕಿದೆವು. ಗಾಳಿ ಬೀಸಿದರೆ ಸಾಲಿಗೆ ಸಾಲೇ ಕುಡಿದವರ ಹಾಗೆ ಒಂದರ ಹೆಗಲ ಮೇಲೊಂದು ಒರಗುತ್ತಿತ್ತು. ಮಾವನವರ ಪೊರಕೆ ಕಟ್ಟುವ ದಾರದ ಉಂಡೆಗಳೆಲ್ಲ ಗೂಟಕ್ಕೂ ದಂಟಿಗೂ ಗಂಟು ಹಾಕುವುದರಲ್ಲೇ ಮುಗಿದವು. ಪಕ್ಕದ ಮನೆಯ ಗಡಿಯಾರದವರು ತಮ್ಮ ಕಿಟಕಿಯಿಂದ ಪೇಟೆಯ ಗೋಪುರದ ಗಡಿಯಾರ ನೋಡಿಕೊಂಡು ಊರಿನವರ ಗಡಿಯಾರಗಳಿಗೆಲ್ಲ ಹೊತ್ತು ಕೂಡಿಸುವವರು. ಒಂದು ಬೆಳಿಗ್ಗೆ ಕಾಂಪೌಂಡಿನ ಮೇಲಿನಿಂದ ತಲೆ ಹಾಕಿ, "ಏನ್ರೀ ಕಂಡಕ್ಟರೇ, ನಿಮ್ಮ ಜೋಳದ ಹಿಂದೆ ಗೋಪುರವೇ ಮಾಯವಾಯ್ತಲ್ರೀ. ಈಗ ನಾನು ಅಂದಾಜಿನ ಮೇಲೆ ಟೈಮು ಕೊಡ್ತಿದ್ದೀನಿ" ಎಂದರು. ನಾನು ಬಸ್ಸಿನಲ್ಲಿ ಟಿಕೆಟ್ ಕೊಡುವವನು. ಅಂದಿನಿಂದ ನಮ್ಮ ಬಸ್ಸು ಎಂದೂ ತಡವಾಗಿ ಬಂದಿಲ್ಲ. ಬಂದರೂ ತಡವೆಂದು ಹೇಳುವ ಧೈರ್ಯ ಯಾರ ಗಡಿಯಾರಕ್ಕೂ ಉಳಿದಿಲ್ಲ. ಇದೊಂದಕ್ಕೆ ಮಾತ್ರ ನಾನು ತಮಗೆ ಮನಃಪೂರ್ವಕ ಋಣಿ.

ಇನ್ನು "ಪಕ್ಷಿಪ್ರಿಯರಿಗೆ ಅಚ್ಚುಮೆಚ್ಚು." ಇದನ್ನು ಓದಿ ನಾವು, ತೆನೆಯ ಮೇಲೆ ಒಂದೆರಡು ಹಕ್ಕಿ ಬಂದು ಕೂತು ಹಾಡಿಯಾವು, ಅದನ್ನು ಕೇಳುತ್ತ ಹಿತ್ತಲ ಬಾಗಿಲಲ್ಲಿ ಕಾಫಿ ಕುಡಿಯಬಹುದು ಎಂದುಕೊಂಡಿದ್ದೆವು. ಕಾಳು ಹಾಲುಗಟ್ಟಿದ್ದೇ ತಡ, ಮೊದಲ ದಿನ ಒಂದು ಗುಬ್ಬಚ್ಚಿ ಬಂತು, ರುಚಿ ನೋಡಿತು, ಹೋಯಿತು. ಎರಡನೆಯ ದಿನ ಅದು ತನ್ನ ಬೀಗರನ್ನು, ಬೀಗರ ಬೀಗರನ್ನು, ಅವರ ನೆರೆಹೊರೆಯವರನ್ನು ಕರೆದುಕೊಂಡು ಬಂತು. ಅಚ್ಚುಮೆಚ್ಚಾಗಿದ್ದು ಯಾರಿಗೆ ಎಂಬುದನ್ನು ತಾವು ಸ್ವಲ್ಪ ಹಿಂದುಮುಂದು ಮಾಡಿ ಬರೆದಿದ್ದೀರಿ, ಅಷ್ಟೇ. ಡಬ್ಬಿ ಬಡಿದೆವು, ಕೂಗಿದೆವು. ಕೊನೆಗೆ ನನ್ನ ಹೆಂಡತಿ ನನ್ನ ಅಂಗಿಗಳ ತೋಳುಗಳನ್ನು ಕತ್ತರಿಸಿ, ಒಂದು ತುದಿ ಹೊಲಿದು, ಒಂದೊಂದು ತೆನೆಗೆ ಒಂದೊಂದು ಕುಲಾವಿ ತೊಡಿಸಿದಳು. ಸಮವಸ್ತ್ರದ ಅಂಗಿಯನ್ನೂ ಬಿಡಲಿಲ್ಲ. "ರೀ, ತೋಳಿಲ್ಲದಿದ್ದರೆ ಟಿಕೆಟ್ ಹರಿಯೋಕೆ ಬರಲ್ವಾ?" ಎಂದು ಕೇಳಿದಳು, ಬರುತ್ತದೆ ಎಂದು ಒಪ್ಪಿಕೊಳ್ಳಲೇಬೇಕಾಯಿತು. ಹಿತ್ತಲಿನಲ್ಲಿ ನನ್ನ ತೋಳುಗಳೆಲ್ಲ ಗಾಳಿಗೆ ಅಲ್ಲಾಡುತ್ತಿದ್ದರೆ, ಬಸ್ಸಿನಲ್ಲಿ ಬರಿತೋಳಿನ ನಾನು "ಏನಪ್ಪಾ, ತೋಳು ಯಾವ ಸ್ಟಾಪಿನಲ್ಲಿ ಇಳ್ಕೊಂಡ್ವು?" ಎಂದು ಕೇಳುವ ಪ್ರಯಾಣಿಕರಿಗೆ ಹಲ್ಲು ಕಿರಿಯುತ್ತಿದ್ದೆ. ಗುಬ್ಬಚ್ಚಿಗಳು ತಂತಿಯ ಮೇಲೆ ಸಾಲಾಗಿ ಕೂತು ಮುಖ ಊದಿಸಿಕೊಂಡು ನೋಡುತ್ತಿದ್ದವು.

ಇಷ್ಟೆಲ್ಲ ಆದರೂ, ಮಾನ್ಯರೇ, ಬಣ್ಣ ಬಂತು. ಸುಳ್ಳು ಹೇಳಲಾರೆ, ತಮ್ಮ ಚಿತ್ರದಲ್ಲಿರುವುದಕ್ಕಿಂತ ಚೆನ್ನಾಗಿ ಬಂತು. ಕುಲಾವಿ ತೆಗೆದ ದಿನ ನನ್ನ ಹೆಂಡತಿ ಒಂದು ಕೆಂಪು ತೆನೆಯನ್ನು ಕೈಯಲ್ಲಿ ಹಿಡಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಉದ್ದನೆಯ ದಂಟಿನ ಸಮೇತ ಕೊಯ್ದು, ಮಾವನವರ ಕೋಣೆಯ ತೊಲೆಗೆ ತೆನೆ ಕೆಳಗಾಗಿ ಸಾಲಾಗಿ ಕಟ್ಟಿದೆವು. ಬಿಸಿಲು ತಾಗಿ ಬಣ್ಣ ಮಾಸಬಾರದು, ಗಾಳಿ ಮಾತ್ರ ಆಡಬೇಕು ಎಂಬುದನ್ನು ಅವಳೇ ತಿಳಿದುಕೊಂಡಿದ್ದಳು. ಮಾವನವರು ಮಗಳ ಈ ಕೆಲಸದ ಬಗ್ಗೆ ಅಂದಿನವರೆಗೆ ಒಳ್ಳೆಯದನ್ನೂ ಆಡಿದವರಲ್ಲ, ಕೆಟ್ಟದ್ದನ್ನೂ ಆಡಿದವರಲ್ಲ. ತೊಲೆಯ ಕೆಳಗೆ ಹೋಗುತ್ತ ಬರುತ್ತ ಒಂದೊಂದು ಸಲ ಕಡ್ಡಿಯನ್ನು ಬೆರಳಿನಿಂದ ನೇವರಿಸಿ, "ಕಡ್ಡಿ ಒಳ್ಳೇದಿದೆ" ಎನ್ನುವರು. ಅವರ ಬಾಯಲ್ಲಿ ಅದು ಶಾಲು ಹೊದಿಸಿದ ಹಾಗೆ.

ನಾಟಕಶಾಲೆ ತೆರೆಯುವ ಹಿಂದಿನ ದಿನ ನಾನೂ ನನ್ನ ಹೆಂಡತಿಯೂ ಬಾಗಿಲು ಕಂಬಗಳ ಅಳತೆ ತೆಗೆದುಕೊಳ್ಳಲು ಹೋದೆವು. ಯಾವ ಬಣ್ಣ ಎಲ್ಲಿಗೆ ಎಂದು ವ್ಯವಸ್ಥಾಪಕಿಗೆ ತೋರಿಸಲು ತಮ್ಮ ಪೊಟ್ಟಣವನ್ನೂ ಒಯ್ದು, ಟಿಕೆಟ್ ಕಿಟಕಿಯ ಗಾಜಿಗೆ ಅಂಟಿಸಿ ಬಂದಳು. ಸಂಜೆ ಮನೆಗೆ ಬಂದಾಗ ತೊಲೆ ಖಾಲಿ.

ತೆನೆಗಳು ಎಲ್ಲಿಗೂ ಹೋಗಿರಲಿಲ್ಲ. ಬೆಂಚಿನ ಮೇಲೆ, ಉದ್ದಕ್ಕೆ ತಕ್ಕಂತೆ ಬೇರೆ ಬೇರೆ ಕಟ್ಟಾಗಿ, ತುದಿ ಸಮ ಮಾಡಿ, ಎಣ್ಣೆ ಹಚ್ಚಿ ತಲೆ ಬಾಚಿದ ಮಕ್ಕಳ ಹಾಗೆ ಒಪ್ಪವಾಗಿ ಮಲಗಿದ್ದವು. ಒಂದರ ಮೇಲೂ ಒಂದು ಕಾಳಿರಲಿಲ್ಲ. ಕೆಂಪಿಲ್ಲ, ಕಪ್ಪಿಲ್ಲ, ತಾಮ್ರವಿಲ್ಲ, ಚಿನ್ನವಿಲ್ಲ. ಎಲ್ಲವೂ ಪೊರಕೆಯ ಬಣ್ಣ. ಮಾವನವರು ಬೆವರು ಒರೆಸಿಕೊಳ್ಳುತ್ತ, ಮೇಲೆತ್ತಲಾಗದ ಬಲಭುಜವನ್ನು ಎಡಗೈಯಿಂದ ತಿಕ್ಕಿಕೊಳ್ಳುತ್ತ, ನಾನು ಅವರ ಮುಖದಲ್ಲಿ ಎಂದೂ ಕಾಣದ ಒಂದು ನಗೆ ನಕ್ಕು ಹೇಳಿದರು: "ನಾಳೆ ಬೇರೆ ನಿನಗೆ ಅವಸರ. ಕಾಳು ತೆಗೆಯೋ ಕೆಲಸ ಒಬ್ಬಳೇ ಯಾವಾಗ ಮಾಡ್ತೀಯ ಅಂತ ನಾನೇ ಮಾಡಿ ಮುಗಿಸಿದೆ ಮಗಳೇ. ಇನ್ನು ನಿನಗೆ ಕಟ್ಟೋದೊಂದೇ ಕೆಲಸ."

ಕಾಳು ಎಲ್ಲಿ ಎಂದು ನಾನು ಕೇಳಿದೆ. ಗೋಂದು ಹಚ್ಚಿ ಕಡ್ಡಿಗೆ ಮತ್ತೆ ಅಂಟಿಸಬಹುದೇ ಎಂದು ಯಾವುದೋ ಹುಚ್ಚು ಯೋಚನೆ ನನ್ನ ತಲೆಯಲ್ಲಿ. ಮಾವನವರು ಹಿತ್ತಲ ಕಡೆ ಕೈ ತೋರಿಸಿ, "ಪಾಪ, ಎಷ್ಟು ದಿನದಿಂದ ಆ ಹಕ್ಕಿಗಳು ಬಾಯಿ ಬಿಟ್ಕೊಂಡು ಕೂತಿದ್ವು, ಅವಕ್ಕೆ ಹಾಕಿಬಿಟ್ಟೆ" ಎಂದರು. ಹಿತ್ತಲಿನಲ್ಲಿ ನಮ್ಮ ನಾಲ್ಕು ಬಣ್ಣಗಳನ್ನೂ ತಿಂದು ಮುಗಿಸಿ, ಹಾರಲಾರದಷ್ಟು ಹೊಟ್ಟೆ ಬಿರಿದ ಗುಬ್ಬಚ್ಚಿಗಳು ಅತ್ತಿತ್ತ ನಡೆದಾಡುತ್ತಿದ್ದವು.

ನನ್ನ ಹೆಂಡತಿ ಖಾಲಿ ತೊಲೆ ನೋಡಿದಳು. ಅಪ್ಪನ ಮುಖ ನೋಡಿದಳು. ಆಮೇಲೆ, "ಚೆನ್ನಾಗಿ ಮಾಡಿದ್ದೀಯ ಅಪ್ಪಾ. ಒಂದು ಕಾಳೂ ಬಿಟ್ಟಿಲ್ಲ" ಎಂದಷ್ಟೇ ಹೇಳಿ, ಕಟ್ಟುಗಳನ್ನು ಎತ್ತಿಕೊಂಡು ಮೆಟ್ಟಿಲಿಗೆ ಹೋಗಿ ಕೂತಳು.

ಇಲ್ಲಿ ತಪ್ಪು ಯಾರದೆಂದು ನಾನು ಬಹಳ ಯೋಚಿಸಿದ್ದೇನೆ. ಕಾಳು ಉದುರಿಸಬೇಡ ಎಂದು ಮಗಳು ಅಪ್ಪನಿಗೆ ಹೇಳಲಿಲ್ಲ. ಬಣ್ಣವೆಲ್ಲ ಇರುವುದೇ ಕಾಳಿನಲ್ಲಿ, ಅದನ್ನು ಯಾರಾದರೂ ಉದುರಿಸುತ್ತಾರೆಯೇ ಎಂದು ಅವಳು. ಉದುರಿಸಲೇ ಎಂದು ಅಪ್ಪ ಮಗಳನ್ನು ಕೇಳಲಿಲ್ಲ. ಕಡ್ಡಿ ಮನೆಗೆ ಬಂದ ಮೇಲೆ ಕಾಳನ್ನು ಯಾರಾದರೂ ಉಳಿಸುತ್ತಾರೆಯೇ ಎಂದು ಅವರು. ಇಬ್ಬರೂ ತಮ್ಮ ತಮ್ಮ ಕಸುಬಿಗೆ ನಿಯತ್ತಾಗಿದ್ದವರು. ನಿಯತ್ತಿಲ್ಲದೆ ಉಳಿದವರು ಇಡೀ ಕತೆಯಲ್ಲಿ ತಾವೊಬ್ಬರೇ. "ಆನಂದಿಸಿ" ಎಂದು ಅಪ್ಪಣೆ ಕೊಡಿಸಲು ತಮಗೆ ಜಾಗವಿತ್ತು; "ಕಾಳು ಉದುರಿಸಬೇಡಿ" ಎಂಬ ಎರಡು ಪದಕ್ಕೆ ಇರಲಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಬರಿಯ ಕಡ್ಡಿಯಲ್ಲೇ ನನ್ನ ಹೆಂಡತಿ ತನ್ನ ಕೈಲಾದದ್ದನ್ನೆಲ್ಲ ಕಟ್ಟಿದಳು. ಬಾಗಿಲಿಗೆ ಎರಡು ದೊಡ್ಡ ಬಳೆ, ಕಂಬಗಳಿಗೆ ಬಿಚ್ಚಿದ ಬೀಸಣಿಗೆಗಳು. ಒಂದು ಗಂಟೂ ಸಡಿಲವಿರಲಿಲ್ಲ. ವ್ಯವಸ್ಥಾಪಕಿ ಅದನ್ನು ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು, ಗಾಜಿಗೆ ಅಂಟಿಸಿದ್ದ ತಮ್ಮ ಪೊಟ್ಟಣದ ಚಿತ್ರವನ್ನು ನೋಡಿದರು. ಕೆಟ್ಟವರಲ್ಲ ಆಕೆ. "ಕೆಲಸ ಅಚ್ಚುಕಟ್ಟಾಗಿದೆಯಮ್ಮಾ. ಆದರೆ ಚಿತ್ರದಲ್ಲಿರೋ ಬಣ್ಣ ಎಲ್ಲಿ? ಬಾಗಿಲಿಗೆ ಪೊರಕೆ ತೂಗುಹಾಕಿದ ಹಾಗೆ ಕಾಣ್ತಿದೆಯಲ್ಲ" ಎಂದರು. ಕೋಣೆಯ ಬೀಗದ ಕೈ ಪ್ಲಾಸ್ಟಿಕ್ ಹೂವಿನವನಿಗೆ ಹೋಯಿತು.

ಇಷ್ಟೇ ಆಗಿದ್ದರೆ ನಾನು ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡುತ್ತಿರಲಿಲ್ಲ. ಆದರೆ ಆ ಮಾತನ್ನು ಆಕೆ ಆಡುವಾಗ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಾವೇ ಬಾಚಿಟ್ಟ ಕಡ್ಡಿಯ ಸೊಬಗು ನೋಡಲು ಬಂದಿದ್ದ ಮಾವನವರು ಹಿಂದೆಯೇ ನಿಂತಿದ್ದರು. ಅವರು ತಮ್ಮ ಪೊಟ್ಟಣದ ಚಿತ್ರವನ್ನು ನೋಡಿದ್ದು ಅದೇ ಮೊದಲು. ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದರು. ನೆಟ್ಟಗೆ ಮನೆಗೆ ಬಂದರು. ಬೆಂಚಿನಿಂದ ಮೊಳೆ ಕಿತ್ತು ಬಾಚಣಿಗೆಯನ್ನು ಬಿಚ್ಚಿ ಮೂಲೆಗಿಟ್ಟರು. ಅಂದಿನಿಂದ ಒಂದು ಪೊರಕೆಯನ್ನೂ ಕಟ್ಟಿಲ್ಲ. ಗೋಡೆಗೆ ಮುಖ ಮಾಡಿ ಕೂರುತ್ತಾರೆ. ಮಗಳು "ಹೋಗಲಿ ಬಿಡಪ್ಪಾ, ಕೋಣೆ ಎಲ್ಲಿ ಓಡಿಹೋಗುತ್ತೆ" ಎಂದರೆ "ಹ್ಞೂಂ" ಎನ್ನುತ್ತಾರೆ, ಊಟಕ್ಕೆ ಕರೆದರೂ "ಹ್ಞೂಂ." ಬೀದಿಯಲ್ಲಿ ಮನೆಮನೆಯ ಪೊರಕೆಯೂ ಸವೆದು ಮೊಂಡಾಗಿ, ಕಸ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ನೆಮ್ಮದಿಯಾಗಿ ಓಡಾಡಿಕೊಂಡಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹ. ತಾವು ದೊಡ್ಡ ಮನಸ್ಸು ಮಾಡಿ ನಮ್ಮ ಮನೆಗೆ ಬರಬೇಕು. ಬರುವಾಗ ಗುಬ್ಬಚ್ಚಿಗಳಿಗೆ ತಿಳಿಯ ಹೇಳಬಲ್ಲ ಒಬ್ಬರನ್ನೂ, ಗಾಳಿಗೆ ನೋಟೀಸು ಕೊಡಬಲ್ಲ ಒಬ್ಬ ವಕೀಲರನ್ನೂ ಕರೆತರಬೇಕು. ಗೋಪುರವನ್ನು ನಮ್ಮ ಜೋಳಕ್ಕಿಂತ ಒಂದು ಗೇಣಾದರೂ ಎತ್ತರಿಸಿ ಕಟ್ಟಿಸಬೇಕು. ತಿಂದ ಕಾಳನ್ನು ಬಣ್ಣವಾರು ವಿಂಗಡಿಸಿ ಹಿಂದಿರುಗಿಸುವಂತೆ ಹಕ್ಕಿಗಳ ಮೇಲೆ ಒತ್ತಡ ತರಬೇಕು. ನನ್ನ ತೋಳುಗಳ ವಿಚಾರವನ್ನು ನಾನು ಎತ್ತುವುದಿಲ್ಲ. ಇವೆಲ್ಲ ತಮಗೆ ಕಷ್ಟವಾದರೆ, ಎಲ್ಲಕ್ಕಿಂತ ಕಷ್ಟದ್ದೊಂದನ್ನು ಮಾತ್ರ ಮಾಡಿ: ಒಂದು ಕಾಗದದ ಮೇಲೆ, "ಬರೆಯಬೇಕಾದ್ದನ್ನು ನಾನು ಬರೆಯಲಿಲ್ಲ, ತಪ್ಪು ನನ್ನದು, ಹಿರಿಯರೇ, ತಾವು ಮಾಡಿದ್ದು ತಮ್ಮ ಕಸುಬಿಗೆ ತಕ್ಕ ಕೆಲಸ" ಎಂದು ಬರೆದು ನಮ್ಮ ಮಾವನವರ ಹೆಸರಿಗೆ ಕಳಿಸಿ. ಅದನ್ನು ಓದುವಾಗ ನಾನು ತಮ್ಮ ಪರವಾಗಿ ತಲೆ ಬಗ್ಗಿಸಿ ನಿಲ್ಲುತ್ತೇನೆ. ಮನೆಯಳಿಯನಿಗೆ ಅದು ಹೊಸದೇನಲ್ಲ.

ಇಂತಿ, ತಮ್ಮ ಪ್ರತಿಯೊಂದು ಸೂಚನೆಯನ್ನೂ ಚಾಚೂ ತಪ್ಪದೆ ಪಾಲಿಸಿ ಈ ಸ್ಥಿತಿಗೆ ಬಂದಿರುವ,

ತಮ್ಮ ವಿಶ್ವಾಸಿ,
ಪೊರಕೆಯವರ ಮನೆಯ ಅಳಿಯ

ಮರೆತ ಮಾತು: ಈ ಪತ್ರವನ್ನು ಅಂಚೆಗೆ ಹಾಕುವ ಮೊದಲು ನಿನ್ನೆ ಸಂಜೆ ನಮ್ಮ ಉದ್ದನೆಯ ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ಕೇಳಿದವರು ಮೂವರು: ನನ್ನ ಹೆಂಡತಿ, ಗಡಿಯಾರದವರು, ಮತ್ತು ಗೋಡೆಗೆ ಮುಖ ಮಾಡಿದ್ದ ಮಾವನವರು. ತೋಳಿನ ಭಾಗಕ್ಕೆ ಬಂದಾಗ ಮಾವನವರ ಬೆನ್ನು ಅಲ್ಲಾಡಿದ್ದನ್ನು ನಾನು ಕಂಡೆ. ಮುಗಿದ ಮೇಲೆ ಅವರು ಇತ್ತ ತಿರುಗಿ, ಎಷ್ಟೋ ದಿನದ ಮೇಲೆ "ಹ್ಞೂಂ" ಬಿಟ್ಟು ಬೇರೆ ಮಾತಾಡಿದರು: "ಅಳಿಯಂದಿರೇ, ಇಷ್ಟೊಂದು ಮರ್ಯಾದೆ ಕೊಟ್ಟು ಬರೆದರೆ ಬೈತಿದ್ದೀವಿ ಅಂತ ಆ ಮನುಷ್ಯನಿಗೆ ಗೊತ್ತಾಗೋದು ಹೇಗೆ?"

ಇವತ್ತು ಬೆಳ್ಳಂಬೆಳಗ್ಗೆ ಅವರು ಗಡಿಯಾರದವರನ್ನು ಎಬ್ಬಿಸಿ ಜೊತೆಗೆ ಕರೆದುಕೊಂಡು ನಾಟಕಶಾಲೆಗೆ ಹೋದರು. ಜೋಳ ಕೊಯ್ದ ಮೇಲೂ ಗಡಿಯಾರದವರು ಅಂದಾಜಿನ ಟೈಮು ಬಿಟ್ಟಿಲ್ಲವಾದ್ದರಿಂದ ಬಾಗಿಲು ತೆರೆಯಲು ಇನ್ನೂ ಬಹಳ ಹೊತ್ತಿತ್ತು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಾದರು. ವ್ಯವಸ್ಥಾಪಕಿ ಬಂದಾಗ ಮಾವನವರು ಎದ್ದು ನಿಂತು, "ಅಮ್ಮಾ, ಕಟ್ಟಿದ್ದು ನನ್ನ ಮಗಳು, ಕೆಡಿಸಿದ್ದು ನಾನು. ನನ್ನ ಕೆಲಸ ನೋಡಿ ಅವಳ ಕೆಲಸಕ್ಕೆ ಬೆಲೆ ಕಟ್ಟಬೇಡಿ" ಎಂದರಂತೆ. ಪ್ಲಾಸ್ಟಿಕ್ ಹೂವಿನವನಿಗೆ ಕೋಣೆ ಈ ನಾಟಕಗಳು ಮುಗಿಯುವ ತನಕ ಮಾತ್ರವಂತೆ. ಹೂವಿನ ಮೇಲೆ ಆಗಲೇ ಧೂಳು ಕೂತಿದೆಯಂತೆ. "ಮುಂದಿನ ಬೆಳೆ ತಂದು ತೋರಿಸಲಿ, ಕಾಳಿನ ಸಮೇತ" ಎಂದು ಆಕೆ ಹೇಳಿ ಕಳಿಸಿದ್ದಾರೆ. ಮನೆಗೆ ಬಂದ ಮಾವನವರು ಮಗಳ ಮುಂದೆ ನಿಂತು, "ಈ ಸಲ ಯಾವುದಕ್ಕೆ ಕೈ ಹಾಕಬಾರದು ಅಂತ ಮೊದಲೇ ಹೇಳಿಬಿಡು ಮಗಳೇ" ಎಂದರು. ಅವಳು ಗುದ್ದಲಿ ಹುಡುಕುತ್ತ, ತಲೆ ಎತ್ತದೆ, "ಯಾವುದಕ್ಕೂ ಅಪ್ಪಾ" ಎಂದಳು. ಅವರು ನಕ್ಕರು. ಆಮೇಲೆ ಬಾಚಣಿಗೆಯನ್ನು ಮತ್ತೆ ಬೆಂಚಿಗೆ ಹೊಡೆದು ಕೆಲಸಕ್ಕೆ ಕೂತರು.

ಆದ್ದರಿಂದ ನಮಗೆ ತಮ್ಮ ಇನ್ನೊಂದು ಪೊಟ್ಟಣ ಬೇಕಾಗಿದೆ. ಮುಂಬದಿಯ ಚಿತ್ರ ಹಾಗೆಯೇ ಇರಲಿ, ಹಿಂಬದಿಯನ್ನು ದಯವಿಟ್ಟು ಖಾಲಿ ಬಿಡಿ. ಏನಾದರೂ ಬರೆಯಲೇಬೇಕೆಂದು ತಮ್ಮ ಕೈ ತುರಿಸಿದರೆ ತಮ್ಮ ಮನೆಯ ವಿಳಾಸವನ್ನಷ್ಟೇ ಬರೆಯಿರಿ. ಮಾವನವರು ಇವತ್ತು ಮಧ್ಯಾಹ್ನ ನಮ್ಮ ಹಿತ್ತಲಿನ ಆ ಕಡ್ಡಿಯಲ್ಲೇ ಒಂದು ಗಟ್ಟಿಮುಟ್ಟಾದ ಪೊರಕೆ ಕಟ್ಟಿ ಮುಗಿಸಿದ್ದಾರೆ, ಅದನ್ನು ತಮಗೆ ಖುದ್ದಾಗಿ ಬಂದು ಕೊಡಬೇಕೆಂದು ಹಟ ಹಿಡಿದಿದ್ದಾರೆ.